ಕ್ಯಾಶುವಾಲಿಟಿ ಬಾಗಿಲಲ್ಲಿ ಕೂರೋ ಸಿಸ್ಟರ್‌ಗೆ ಎಷ್ಟು ವರ್ಷದ ಅನುಭವ ಇರಬೇಕು?

ಮಾವಿನತೋಪು (ಶ್ರೀನಿವಾಸಪುರ)
ಎಲ್ರಿಗೂ ನಮಸ್ಕಾರ. ಒಂದು ತಿಂಗಳಿಂದ ಮನಸ್ಸಲ್ಲಿ ಒಂದು ವಿಷಯ ಕೊರೀತಾ ಇದೆ. ಆಸ್ಪತ್ರೇಲಿ ಕೆಲಸ ಮಾಡೋರು ಇಲ್ಲಿದ್ರೆ ದಯವಿಟ್ಟು ಹೇಳಿ.

ನಮ್ಮಪ್ಪಂಗೆ 61. 12 ವರ್ಷದಿಂದ ಶುಗರ್. ಸಂಜೆ ತೋಟದಿಂದ ಬಂದು ಮುದ್ದೆ ಉಂಡು ಕೂತೋರು ಹೊಟ್ಟೆ ಮೇಲ್ಗಡೆ ಹಿಡ್ಕೊಂಡಂಗೆ ಆಗ್ತಿದೆ ಅಂದ್ರು. ಎರಡು ಸಲ ವಾಂತಿ ಆಯ್ತು. ಕಾರಲ್ಲಿ ಕೂರಿಸ್ಕೊಂಡು ಕೋಲಾರಕ್ಕೆ ಬಂದ್ವಿ. ಯಾವ ಆಸ್ಪತ್ರೆ ಅಂತ ಹೇಳಲ್ಲ, ಯಾರ ಹೆಸರೂ ಕೆಡಿಸೋದು ನನಗೆ ಬೇಕಿಲ್ಲ. ಬಾಗಿಲ ಹತ್ರ ಟೇಬಲ್ ಹಾಕ್ಕೊಂಡು ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ರು ಕೂತಿದ್ರು. ಬಿಪಿ ನೋಡಿದ್ರು, ಬೆರಳಿಗೆ ಕ್ಲಿಪ್ ಹಾಕಿದ್ರು, ಬರ್ಕೊಂಡ್ರು. "ಗ್ಯಾಸ್ಟ್ರಿಕ್ ಇರ್ಬೇಕು, ಬೆಂಚ್ ಮೇಲೆ ಕೂತಿರಿ, ಡಾಕ್ಟರ್ ಆಕ್ಸಿಡೆಂಟ್ ಕೇಸಲ್ಲಿದ್ದಾರೆ" ಅಂದ್ರು. ಮರ್ಯಾದೆಯಾಗೇ ಹೇಳಿದ್ರು, ಅದರಲ್ಲಿ ತಪ್ಪಿಲ್ಲ.

35 ನಿಮಿಷ ಕೂತ್ವಿ. 8 ಗಂಟೆಗೆ ಡ್ಯೂಟಿ ಬದಲಾಗೋ ಹೊತ್ತು. ನೈಟ್‌ಗೆ ಬಂದ ಒಬ್ರು ದೊಡ್ಡ ಸಿಸ್ಟರ್ ಹೆಗಲ ಮೇಲಿನ ಬ್ಯಾಗೂ ಇಳಿಸಿರಲಿಲ್ಲ, ನಮ್ಮ ಮುಂದೆ ಹಾದು ಹೋದೋರು ಎರಡು ಹೆಜ್ಜೆ ವಾಪಸ್ ಬಂದ್ರು. ಅಪ್ಪನ ಕತ್ತಿನ ಹಿಂದೆ ಕೈಯ ಹಿಂಭಾಗ ಇಟ್ಟು ನೋಡಿದ್ರು. "ಅಣ್ಣ, ಯಾವಾಗಿಂದ ಹಿಂಗೆ ಬೆವರ್ತಾ ಇದೆ?" ಅಂದ್ರು. ಅಪ್ಪ ಬಾಯಿ ಬಿಡೋದ್ರೊಳಗೆ ವೀಲ್‌ಚೇರ್ ಬಂತು, ಇಸಿಜಿ ತೆಗೆದ್ರು, ಡಾಕ್ಟರ್ ಓಡಿ ಬಂದ್ರು. ಹಾರ್ಟ್ ಅಟ್ಯಾಕ್, ಗುಂಡಿಗೆಯ ಕೆಳಭಾಗದ್ದು ಅಂದ್ರು. ರಕ್ತದ ಗಡ್ಡೆ ಕರಗೋ ಇಂಜೆಕ್ಷನ್ ಕೊಟ್ಟು ಬೆಂಗಳೂರಿಗೆ ಕಳಿಸಿದ್ರು, ಸ್ಟೆಂಟ್ ಹಾಕಿದ್ದಾರೆ. ಈಗ ಅಪ್ಪ ಚೆನ್ನಾಗಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಅದೇ ಮನುಷ್ಯ, ಅದೇ ಬೆಂಚು. ಒಬ್ರಿಗೆ ಕಾಣದ್ದು ಇನ್ನೊಬ್ರಿಗೆ ನಡ್ಕೊಂಡು ಹೋಗ್ತಾನೇ ಕಾಣ್ತು. ಇದು ವರ್ಷಗಳಿಂದ ಬರೋದಾದ್ರೆ, ಬಾಗಿಲಲ್ಲಿ ಎಲ್ಲರಿಗಿಂತ ಹೊಸಬರನ್ನ ಯಾಕೆ ಕೂರಿಸ್ತಾರೆ?

ಹಾಲಿನಡೈರಿ
ಅಪ್ಪ ಹುಷಾರಾಗಿದ್ದಾರಲ್ಲ, ಅದು ದೊಡ್ಡದು. ನಮ್ಮ ಕಡೆ ಎಲ್ಲಾದಕ್ಕೂ ಗ್ಯಾಸ್ಟ್ರಿಕ್ ಅನ್ನೋ ಚಾಳಿ ರೋಗಿಗಳಿಂದಲೇ ಶುರು ಆಗತ್ತೆ. ನಾವೇ ಹೋಗಿ "ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್" ಅಂತೀವಿ.

ಕ್ಯಾಶುವಾಲಿಟಿ_ಅಕ್ಕ
ನಾನು 19 ವರ್ಷದಿಂದ ನರ್ಸ್, ಅದರಲ್ಲಿ 11 ವರ್ಷ ಕ್ಯಾಶುವಾಲಿಟಿ. ನಿಮ್ಮ ಅಪ್ಪನನ್ನ ನೋಡಿದ ಸಿಸ್ಟರ್ ನಾನಲ್ಲ, ಆದ್ರೆ ಅವರು ಏನು ನೋಡಿದ್ರು ಅಂತ ಹೇಳಬಲ್ಲೆ. ಫ್ಯಾನ್ ಕೆಳಗೆ ಕೂತ ಮನುಷ್ಯನ ಹಣೆ ಮೇಲೆ ತಣ್ಣನೆ ಬೆವರು. ಮುಖ ಬೂದಿ ಬಣ್ಣಕ್ಕೆ ತಿರುಗಿರತ್ತೆ. ಶುಗರ್ ಇರೋರಿಗೆ ಎದೆನೋವು ಗೊತ್ತೇ ಆಗದೆ ಇರಬಹುದು, ಯಾಕಂದ್ರೆ ನರಗಳು ಮಂದ ಆಗಿರ್ತವೆ. ಕೆಳಭಾಗದ ಅಟ್ಯಾಕ್‌ನಲ್ಲಿ ಹೊಟ್ಟೆ ಸಂಕಟ, ವಾಂತಿ, ನಾಡಿ ನಿಧಾನ. ಬಿಪಿ ಆಗ ಇನ್ನೂ ಸರಿಯಾಗೇ ಇರಬಹುದು. ಅದಕ್ಕೇ ಆ ಹುಡುಗಿ ಬರೆದ ನಂಬರ್‌ಗಳು ಅವಳಿಗೆ ಏನೂ ಹೇಳಲಿಲ್ಲ.

ಹೊಸಬರನ್ನ ಯಾಕೆ ಕೂರಿಸ್ತಾರೆ ಅಂದ್ರಿ. ಅನುಭವ ಇರೋರು ಒಳಗಡೆ ಬೇಕು. ವೆಂಟಿಲೇಟರ್, ಇನ್‌ಟ್ಯುಬೇಷನ್ (ಉಸಿರಿಗೆ ಗಂಟಲೊಳಗೆ ನಳಿಗೆ ಹಾಕೋದು), ವಿಷ ಕುಡಿದ ಕೇಸು, ಎಲ್ಲ ಒಳಗೆ. ಬಾಗಿಲ ಟೇಬಲ್ ಅಂದ್ರೆ "ಬಿಪಿ ನೋಡಿ ಬರೆಯೋ ಕೆಲಸ" ಅನ್ನೋ ಭಾವನೆ ಮ್ಯಾನೇಜ್‌ಮೆಂಟ್‌ಗೂ ಇದೆ, ನಮ್ಮಲ್ಲೇ ಕೆಲವರಿಗೂ ಇದೆ. ನನಗೆ ಇದರ ಮೇಲೆ ಬಹಳ ಸಿಟ್ಟಿದೆ.

ಮೊದಲ_ವರ್ಷ
ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ 10 ತಿಂಗಳು. ಓದ್ತಾ ಕೈ ತಣ್ಣಗಾಯ್ತು, ಆ ಟೇಬಲ್ ಮೇಲೆ ನಾನೂ ಕೂತಿದ್ದೀನಿ. ಒಂದು ಸಂಜೇಲಿ 60 ಜನ ಬರ್ತಾರೆ. ಪ್ರತಿಯೊಬ್ಬರೂ "ನಮ್ಮದೇ ಅರ್ಜೆಂಟ್" ಅಂತಾರೆ, ಒಬ್ಬೊಬ್ಬರ ಜೊತೆ ಎಂಟು ಹತ್ತು ಜನ. ಯಾರಾದ್ರೂ ಜೋರು ಮಾಡಿದ್ರೆ ಅವರನ್ನೇ ಮೊದಲು ಒಳಗೆ ಕಳಿಸಿಬಿಡೋಣ ಅನಿಸತ್ತೆ. ಸುಮ್ಮನೆ ಕೂತಿರೋರು ಬೆಂಚ್ ಮೇಲೇ ಉಳೀತಾರೆ. ನಿಮ್ಮ ಅಪ್ಪ ಸುಮ್ಮನೆ ಕೂತಿದ್ರು ಅಲ್ವಾ ಅಣ್ಣ?

ಮಾವಿನತೋಪು
ಹೌದಮ್ಮ. ಒಂದು ಮಾತಾಡಲಿಲ್ಲ.

ಕ್ಯಾಶುವಾಲಿಟಿ_ಅಕ್ಕ
@ಮೊದಲ_ವರ್ಷ ಕೂಗಾಡೋನಿಗೆ ಉಸಿರಿದೆ ಅಂತ ಅರ್ಥ ಕಣಮ್ಮ. ಬಂದ ತಕ್ಷಣ ಸುಮ್ಮನಿರೋರನ್ನ ಮೊದಲು ನೋಡು. ನನಗೆ ಇದನ್ನ ನಮ್ಮ ಇನ್‌ಚಾರ್ಜ್ ಸಿಸ್ಟರ್ ಹೇಳಿಕೊಟ್ಟಿದ್ದು, ಅವರು ಈಗ ರಿಟೈರ್ಡ್.

ಬಿಳಿಕೋಟು
ನಾನು ವೈದ್ಯ, ತುರ್ತು ವಿಭಾಗದಲ್ಲಿದ್ದೇನೆ. ಅನುಭವವನ್ನು ನಾನು ಗೌರವಿಸುತ್ತೇನೆ, ಆದರೆ "ವರ್ಷ ಜಾಸ್ತಿ ಇದ್ದರೆ ತೀರ್ಮಾನ ಸರಿ" ಎಂಬುದನ್ನು ಒಪ್ಪುವುದಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಜೂಲಿ ಕಾನ್ಸಿಡೈನ್ ಮತ್ತು ಸಂಗಡಿಗರು ಟ್ರಯಾಜ್ (ಬಂದವರಲ್ಲಿ ಯಾರನ್ನು ಮೊದಲು ನೋಡಬೇಕೆಂದು ಬಾಗಿಲಲ್ಲೇ ವಿಂಗಡಿಸುವುದು) ಕುರಿತ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ನರ್ಸ್‌ಗೆ ವಿಷಯ ಎಷ್ಟು ತಿಳಿದಿದೆ ಎಂಬುದು ತೀರ್ಮಾನವನ್ನು ಸುಧಾರಿಸುವಂತೆ ಕಂಡಿತು. ಎಷ್ಟು ವರ್ಷ ಕೆಲಸ ಮಾಡಿದ್ದಾರೆ ಎಂಬುದಕ್ಕೆ ಅಂಥ ಗಟ್ಟಿ ಸಾಕ್ಷ್ಯ ಸಿಗಲಿಲ್ಲ.

ಈ ಪ್ರಕರಣದಲ್ಲಿ ಬೇಕಿದ್ದದ್ದು ದಿವ್ಯದೃಷ್ಟಿಯಲ್ಲ. "ಸಕ್ಕರೆ ಕಾಯಿಲೆ ಇರುವ, ನಡುವಯಸ್ಸು ದಾಟಿದ ಯಾರಿಗೇ ಆಗಲಿ ಮೇಲ್ಹೊಟ್ಟೆ ನೋವು, ಬೆವರು, ವಾಂತಿ ಇದ್ದರೆ 10 ನಿಮಿಷದೊಳಗೆ ಇಸಿಜಿ" ಎಂದು ಟೇಬಲ್ ಮೇಲೆ ಒಂದು ಹಾಳೆ ಅಂಟಿಸಿದ್ದರೆ 10 ತಿಂಗಳ ಹುಡುಗಿಯೂ ಹಿಡಿಯುತ್ತಿದ್ದಳು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುವ ವ್ಯವಸ್ಥೆ ಇದೆ. ಆದರೆ ಇಸಿಜಿ ತೆಗೆಯಬೇಕೆಂದು ಬಾಗಿಲಲ್ಲಿ ಯಾರಿಗಾದರೂ ಅನಿಸಬೇಕಲ್ಲ.

ಅಂತರಗಂಗೆ
ಮನೇಲಿ ಸಾರ್ಬಿಟ್ರೇಟ್ ಅಂತ ಹಾರ್ಟ್ ಮಾತ್ರೆ ಇಟ್ಕೊಳ್ಳಿ, ಇಂಥ ಟೈಮಲ್ಲಿ ನಾಲಿಗೆ ಕೆಳಗೆ ಇಟ್ರೆ ಆಯ್ತು.

ಬಿಳಿಕೋಟು
@ಅಂತರಗಂಗೆ ದಯವಿಟ್ಟು ಹಾಗೆ ಹೇಳಬೇಡಿ. ಕೆಳಭಾಗದ ಹೃದಯಾಘಾತದಲ್ಲಿ ಹೃದಯದ ಬಲಭಾಗಕ್ಕೂ ಪೆಟ್ಟಾಗಿದ್ದರೆ ಆ ಮಾತ್ರೆಯಿಂದ ಬಿಪಿ ಕುಸಿದುಬಿಡುತ್ತದೆ. ವೈದ್ಯರು ನಿಮಗೇ ಬರೆದುಕೊಟ್ಟಿದ್ದರೆ ಮಾತ್ರ, ಅವರು ಹೇಳಿದಂತೆ.

ಅಂತರಗಂಗೆ
ಗೊತ್ತಿರಲಿಲ್ಲ ಡಾಕ್ಟ್ರೇ. ತಪ್ಪಾಯ್ತು.

108_ಬ್ರದರ್
ನಾನು ಆಂಬುಲೆನ್ಸ್‌ನಲ್ಲಿರೋನು. ಡಾಕ್ಟ್ರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ನಾವು ದಾರಿಯಿಂದ ಫೋನ್ ಮಾಡಿದಾಗ ಹೊಸಬರು ಹೆಸರು, ವಯಸ್ಸು, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಆಗತ್ತಾ ಅಂತ ಕೇಳ್ತಾರೆ. ಹಳೇ ಸಿಸ್ಟರ್ ಕೇಳೋದು ಎರಡೇ: "ಮಾತಾಡ್ತಿದ್ದಾರಾ? ಕೈಕಾಲು ತಣ್ಣಗಿದೆಯಾ?" ನಾವು ತಲುಪೋ ಹೊತ್ತಿಗೆ ಆಕ್ಸಿಜನ್ ಬಾಯಿ ತೆರೆದು ಬೆಡ್ ರೆಡಿ ಇರತ್ತೆ. ಅದನ್ನ ಯಾವ ಹಾಳೆ ಕಲಿಸತ್ತೆ?

ಬಿಳಿಕೋಟು
ಹಾಳೆ ಕಲಿಸುತ್ತದೆ. ಆ ಎರಡು ಪ್ರಶ್ನೆಯನ್ನೇ ಹಾಳೆಯಲ್ಲಿ ಬರೆಯಿರಿ.

ಕೋಟಿಲಿಂಗ_ದಾರಿ
ಇಬ್ಬರೂ ಹಳಬರನ್ನ ದೇವರು ಮಾಡಬೇಡಿ. ನಾನು ಸ್ಟಾಫ್ ಬ್ರದರ್, 14 ವರ್ಷ ಸರ್ವೀಸ್. ನನ್ನದೇ ಕಥೆ ಹೇಳ್ತೀನಿ, ಇವತ್ತಿಗೂ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ.

ಒಬ್ಬ ಮನುಷ್ಯ ತಿಂಗಳಿಗೆ ಎರಡು ಮೂರು ಸಲ ಕುಡಿದು ಬರ್ತಿದ್ದ. ಬೀದೀಲಿ ಬಿದ್ದಿರ್ತಿದ್ದ, ಯಾರಾದ್ರೂ ತಂದು ಹಾಕ್ತಿದ್ರು. ನನಗೆ ಅವನ ಶರ್ಟ್ ಕೂಡ ಗೊತ್ತು. ಒಂದು ರಾತ್ರಿ ಹಂಗೇ ಬಂದ, ತೊದಲ್ತಿದ್ದ, ಬೈತಿದ್ದ. "ಬಿಡ್ರಪ್ಪ, ಮೂಲೇಲಿ ಮಲಗ್ಸಿ, ಬೆಳಿಗ್ಗೆ ಎದ್ದು ಹೋಗ್ತಾನೆ" ಅಂದೆ. ನನ್ನ ಜೊತೆ ಆರು ತಿಂಗಳ ಹುಡುಗಿ ಒಬ್ಬಳು ಇದ್ದಳು. "ಬ್ರದರ್, ಜಿಆರ್‌ಬಿಎಸ್ ನೋಡ್ಲಾ?" ಅಂದಳು, ಅಂದ್ರೆ ಬೆರಳು ಚುಚ್ಚಿ ರಕ್ತದ ಶುಗರ್ ನೋಡೋದು. ನಾನು ಬೇಡ ಅಂದೆ. ಅವಳು ಕೇಳಲಿಲ್ಲ, ಬೆರಳು ಚುಚ್ಚಿದಳು. 34 ಇತ್ತು, ಶುಗರ್ ತೀರಾ ಕಮ್ಮಿ. ಡೆಕ್ಸ್‌ಟ್ರೋಸ್ (ಗ್ಲೂಕೋಸ್) 25 ಪರ್ಸೆಂಟ್ 100 ಎಂಎಲ್ ಹೋದಮೇಲೆ ಎದ್ದು ಕೂತು ನೀರು ಕೇಳಿದ. ಎರಡು ದಿನದಿಂದ ಊಟ ಮಾಡಿರಲಿಲ್ಲ.

ಅವಳಿಗೆ ಆ ಮನುಷ್ಯನ ಹಿಂದಿನ ಕಥೆ ಗೊತ್ತಿರಲಿಲ್ಲ, ಅದಕ್ಕೇ ಅವಳಿಗೆ ಸರಿಯಾಗಿ ಕಾಣ್ತು. ನನಗೆ ಕಣ್ಣಿಗೆ ಅಡ್ಡ ಬಂದಿದ್ದು ನನ್ನ 14 ವರ್ಷವೇ.

ಕ್ಯಾಶುವಾಲಿಟಿ_ಅಕ್ಕ
ಇದನ್ನ ಹೇಳಿಕೊಂಡಿದ್ದಕ್ಕೆ ನಿಮಗೆ ಕೈಮುಗೀತೀನಿ ಬ್ರದರ್. ದಿನಾ ಕುಡಿದು ಬೀಳೋರ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದೂ ಹಿಂಗೇ ತಪ್ಪಿಹೋಗತ್ತೆ.

ಕುರುಡುಮಲೆ_ಮೇಷ್ಟ್ರು
ಮಧ್ಯದಲ್ಲಿ ಒಂದು ಮಾತು. ಟ್ರಯಾಜ್ ಎಂಬುದು ಫ್ರೆಂಚ್ ಪದ, ಆರಿಸಿ ವಿಂಗಡಿಸುವುದು ಎಂದರ್ಥ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ, ಗಾಯಗೊಂಡವನ ಪದವಿ ನೋಡದೆ ಗಾಯದ ತೀವ್ರತೆ ನೋಡಿ ಚಿಕಿತ್ಸೆಯ ಸರದಿ ನಿರ್ಧರಿಸಬೇಕೆಂದವನು. ನಮ್ಮಲ್ಲಿ ಈಗಲೂ "ಎಮ್ಮೆಲ್ಲೆ ಕಡೆಯವರು" ಅಂತ ಫೋನ್ ಬಂದರೆ ಸರದಿ ಮುರಿಯುತ್ತದೆ.

ಹಾಲಿನಡೈರಿ
ಮೇಷ್ಟ್ರೇ, ಫೋನ್ ಮಾಡಿಸೋರು ನಾವೇ ಅಲ್ವಾ? ನಮ್ಮತ್ತೆಗೆ ಕಾಲು ಉಳುಕಿದಾಗ ನಾನೂ ಮಾಡಿಸಿದ್ದೆ. ಇನ್ಮೇಲೆ ಮಾಡಿಸಲ್ಲ.

ಡಬ್ಲಿನ್_ಬಂಗಾರಪೇಟೆ
ನಾನು ಬಂಗಾರಪೇಟೆಯವಳು, ಈಗ ಐರ್ಲೆಂಡ್‌ನಲ್ಲಿ ಎಮರ್ಜೆನ್ಸಿ ನರ್ಸ್. ಇಲ್ಲಿ ಮ್ಯಾಂಚೆಸ್ಟರ್ ಪದ್ಧತಿ. ಐದು ಬಣ್ಣ: ಕೆಂಪು ಅಂದ್ರೆ ತಕ್ಷಣ, ಕಿತ್ತಳೆ 10 ನಿಮಿಷ, ಹಳದಿ 60, ಹಸಿರು 120, ನೀಲಿ 240. ರೋಗಿ ಹೇಳೋ ತೊಂದರೆಗೆ ತಕ್ಕ ಚಾರ್ಟ್ ತೆಗೆದು ಮೇಲಿಂದ ಪ್ರಶ್ನೆ ಕೇಳ್ತಾ ಬರಬೇಕು. "ಹೌದು" ಅಂತ ಎಲ್ಲಿ ಬರತ್ತೋ ಅದೇ ಬಣ್ಣ. ದೆಹಲಿಯ ಏಮ್ಸ್‌ನಲ್ಲಿ ಕೆಂಪು, ಹಳದಿ, ಹಸಿರು ಅಂತ ಮೂರೇ ಬಣ್ಣದ ಪದ್ಧತಿ ಮಾಡಿದ್ದಾರೆ, ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಅದು ಹೊಂದತ್ತೆ ಅಂತ ನನ್ನ ಅನಿಸಿಕೆ.

ಆದ್ರೆ ಒಂದು ಹೇಳ್ತೀನಿ ಡಾಕ್ಟ್ರೇ. ಯಾವ ಚಾರ್ಟ್ ತೆಗೀಬೇಕು ಅನ್ನೋದೇ ಮೊದಲ ತೀರ್ಮಾನ. "ಹೊಟ್ಟೆನೋವು" ಚಾರ್ಟ್ ತೆಗೆದ್ರೆ ಒಂದು ದಾರಿ, "ಎದೆನೋವು" ಚಾರ್ಟ್ ತೆಗೆದ್ರೆ ಇನ್ನೊಂದು ದಾರಿ. ಆ ಆಯ್ಕೆ ಮಾಡೋದು ಕಿವಿ ಮತ್ತು ಕಣ್ಣು. ಹಾಳೆ ಅಲ್ಲಿಂದ ಮುಂದೆ ಶುರು.

ಬಿಳಿಕೋಟು
ಇದನ್ನು ಒಪ್ಪಿದೆ. ನಾನು ಆ ಹಂತವನ್ನು ಗಮನಿಸಿರಲಿಲ್ಲ.

ಚಿನ್ನದಗಣಿ_ಮನೆ
ಭಾಷೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೇಲಿ ಅದೇ ಅರ್ಧ ಕೆಲಸ. ಕೆಜಿಎಫ್ ಕಡೆಯವರು ತಮಿಳಲ್ಲಿ "ಮೂಚ್ಚು ವಾಂಗುದು" ಅಂತಾರೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಯವರು ತೆಲುಗಲ್ಲಿ "ಆಯಾಸಂ ವಸ್ತಾ ಉಂದಿ" ಅಂತಾರೆ. ಎರಡೂ ಒಂದೇ, ಉಸಿರಾಡೋಕೆ ಕಷ್ಟ ಅಂತ. ಆದ್ರೆ ಕನ್ನಡದಲ್ಲಿ ಆಯಾಸ ಅಂದ್ರೆ ಸುಸ್ತು! ಉತ್ತರ ಕರ್ನಾಟಕದಿಂದ ಬಂದ ಸಿಸ್ಟರ್ ಒಬ್ರು ನಮ್ಮ ಅಜ್ಜಿ ಹೇಳಿದ್ದನ್ನ ಕೇಳಿ ಚೀಟಿಯಲ್ಲಿ "ಸುಸ್ತು" ಅಂತ ಬರೆದ್ರು. ಅಜ್ಜಿಗೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಪಕ್ಕದಲ್ಲಿ ಗುಡಿಸ್ತಿದ್ದ ಆಯಾ ಹೇಳಿದ್ರು, "ಮೇಡಂ, ಸುಸ್ತಲ್ಲ, ಉಸ್ರು ಕಟ್ತಾ ಇದೆ ಅಂತಾ ಇದಾರೆ" ಅಂತ.

ಡಬ್ಲಿನ್_ಬಂಗಾರಪೇಟೆ
ಅಯ್ಯೋ, ಇದು ನೂರಕ್ಕೆ ನೂರು ನಿಜ. ನಮ್ಮಮ್ಮ ಕೂಡ "ಆಯಾಸ" ಅಂತಾನೇ ಹೇಳೋದು. ಎಲ್ಲಾ ಹೊಸ ಸ್ಟಾಫ್‌ಗೆ ಇಂಥ ಇಪ್ಪತ್ತು ಮಾತು ಮೊದಲ ದಿನವೇ ಹೇಳಿಕೊಡಬೇಕು.

ಕ್ಯಾಶುವಾಲಿಟಿ_ಅಕ್ಕ
ಇನ್ನೊಂದು ಸೇರಿಸ್ತೀನಿ, ಊರು ಗೊತ್ತಿರೋದು. ಬೆಳಗಿನ ಜಾವ ಒಬ್ಬ ಹುಡುಗ ಹೊಟ್ಟೆನೋವು ಅಂತ ಬಂದ. ಗಾಯ ಇಲ್ಲ, ಊತ ಇಲ್ಲ, ಜ್ವರ ಇಲ್ಲ. ನಾನು ಕೇಳಿದ್ದು ಒಂದೇ, "ರಾತ್ರಿ ಎಲ್ಲಿ ಮಲಗಿದ್ದೆ ಮಗ?" ಟೊಮೆಟೊ ತೋಟದ ಶೆಡ್‌ನಲ್ಲಿ, ನೆಲದ ಮೇಲೆ. ಅಷ್ಟು ಹೊತ್ತಿಗೆ ರೆಪ್ಪೆ ಅರ್ಧ ಇಳಿದಿತ್ತು, ಅವನಪ್ಪ "ನಿದ್ದೆಗಣ್ಣು ಮೇಡಂ" ಅಂದ್ರು. ನಿದ್ದೆ ಅಲ್ಲ, ಕಟ್ಟುಹಾವು. ಅದು ಕಚ್ಚಿದ್ದು ಗೊತ್ತೇ ಆಗಲ್ಲ, ಗುರುತೂ ಸಿಗಲ್ಲ. ಮುಂದಿನ ಒಂದು ಗಂಟೇಲಿ ಅವನಿಗೆ ಉಸಿರಿನ ಯಂತ್ರ ಬೇಕಾಯ್ತು. ಬದುಕಿದ.

ಅಂತರಗಂಗೆ
ಹಾವು ಕಚ್ಚಿದ್ರೆ ಗಾಜಿನ ಟ್ಯೂಬಲ್ಲಿ ರಕ್ತ ಹಾಕಿ 20 ನಿಮಿಷ ನೋಡ್ತಾರಲ್ಲ, ಅದರಲ್ಲಿ ಗೊತ್ತಾಗಲ್ವಾ?

ಬಿಳಿಕೋಟು
ಆ ಪರೀಕ್ಷೆ ಕೊಳಕುಮಂಡಲದಂಥ ಹಾವುಗಳ ವಿಷಕ್ಕೆ, ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಲು. ಕಟ್ಟುಹಾವಿನ ವಿಷ ನರಗಳಿಗೆ ಹೊಡೆಯುತ್ತದೆ, ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ. ಟ್ಯೂಬ್ ನೋಡಿ "ಏನೂ ಇಲ್ಲ" ಎಂದು ಮನೆಗೆ ಕಳಿಸಿದರೆ ದಾರಿಯಲ್ಲೇ ಉಸಿರು ನಿಲ್ಲಬಹುದು. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಖಾಸಗಿ ಆಸ್ಪತ್ರೆಗಳೂ ಸೇರಿ.

108_ಬ್ರದರ್
ನೋಡಿ, ಕೊನೆಗೆ ಅನುಭವಕ್ಕೇ ಬಂದ್ರಿ. "ಎಲ್ಲಿ ಮಲಗಿದ್ದೆ" ಅನ್ನೋದು ಮ್ಯಾಂಚೆಸ್ಟರ್ ಚಾರ್ಟಲ್ಲಿ ಇರಲ್ಲ.

ನರ್ಸಿಂಗ್_ಪಾಠ
ನಾನು ನರ್ಸಿಂಗ್ ಕಾಲೇಜಿನಲ್ಲಿ ಕಲಿಸುವವಳು. ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಐದು ಮೆಟ್ಟಿಲಾಗಿ ವಿವರಿಸಿದರು, ಹೊಸಬರಿಂದ ಪರಿಣತರವರೆಗೆ. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಪರಿಣತರು ಇಡೀ ಸನ್ನಿವೇಶವನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಮೆಟ್ಟಿಲು ಹತ್ತುವುದು ಕ್ಯಾಲೆಂಡರ್ ತಿರುವಿದಾಗ ಅಲ್ಲ. ತಾನು ಅಂದುಕೊಂಡದ್ದು ತಪ್ಪಾಯಿತು ಎಂದು ಗೊತ್ತಾದಾಗ.

ನನ್ನ ತಕರಾರು ಇಲ್ಲಿದೆ. ಬಾಗಿಲಲ್ಲಿ ಕೂತ ಹುಡುಗಿಗೆ ತನ್ನ ತೀರ್ಮಾನ ಏನಾಯಿತೆಂದು ಯಾರು ಹೇಳುತ್ತಾರೆ? ರೋಗಿ ವಾರ್ಡಿಗೆ ಹೋದ, ಬೆಂಗಳೂರಿಗೆ ಹೋದ, ಅಷ್ಟೇ. ಮಾವಿನತೋಪು ಅವರ ಅಪ್ಪನನ್ನು ಬೆಂಚಿನಲ್ಲಿ ಕೂರಿಸಿದ ಆ ಸಿಸ್ಟರ್ 8 ಗಂಟೆಗೆ ಡ್ಯೂಟಿ ಮುಗಿಸಿ ಹಾಸ್ಟೆಲ್‌ಗೆ ಹೋದಳು. ಅದು ಹಾರ್ಟ್ ಅಟ್ಯಾಕ್ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲದಿರಬಹುದು. ಹಾಗಾದರೆ ಹತ್ತು ವರ್ಷ ಆದರೂ "ಗ್ಯಾಸ್ಟ್ರಿಕ್ ಇರ್ಬೇಕು" ಎಂದೇ ಹೇಳುತ್ತಾಳೆ, ಇನ್ನಷ್ಟು ಧೈರ್ಯವಾಗಿ.

ಇದರ ಮೇಲೆ ರೊಟೇಷನ್. ಮೂರು ತಿಂಗಳು ಕ್ಯಾಶುವಾಲಿಟಿ, ಮೂರು ತಿಂಗಳು ಹೆರಿಗೆ ವಾರ್ಡ್. ಸ್ವಲ್ಪ ಕಣ್ಣು ಕುದುರುವಷ್ಟರಲ್ಲಿ ಎತ್ತಂಗಡಿ. ಕಾಂಟ್ರಾಕ್ಟ್‌ನಲ್ಲಿರುವವರು ವೈಟ್‌ಫೀಲ್ಡ್ ಕಡೆ ನಾಲ್ಕು ಸಾವಿರ ಜಾಸ್ತಿ ಸಿಕ್ಕರೆ ರೈಲು ಹತ್ತುತ್ತಾರೆ. ಅವರನ್ನು ದೂರುವಂತಿಲ್ಲ.

ಕೋಟಿಲಿಂಗ_ದಾರಿ
ಟೀಚರ್ ಹೇಳಿದ್ದು ಸರಿ. ನನಗೆ ಆ 34 ಅನ್ನೋ ನಂಬರ್ ಕಣ್ಣೆದುರು ಬಂದಿದ್ದಕ್ಕೆ ನಾನು ಬದಲಾದೆ. ಮೂಲೇಲಿ ಮಲಗ್ಸಿದ್ದ ಎಷ್ಟು ಜನರ ನಂಬರ್ ನನ್ನ ಕಣ್ಣಿಗೆ ಬೀಳದೇ ಹೋಯ್ತೋ.

ಮೊದಲ_ವರ್ಷ
ಒಂದು ಒಪ್ಪಿಕೊಳ್ಳಬೇಕು. ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಾರೆ ಅನ್ನೋ ಲೆಕ್ಕ ನಾನು ಎಣಿಸ್ತಿರಲಿಲ್ಲ. ನಮ್ಮ ರಿಜಿಸ್ಟರ್ ತೆಗೆದ್ರೆ ಉದ್ದಕ್ಕೂ 20, 20, 18, 20. ಹಳಬರು ಹಂಗೇ ಬರೀತಿದ್ರು, ನಾನೂ ಬರೆದೆ. ಹೋದ ವಾರ ಒಬ್ಬ ಕಾಲೇಜು ಹುಡುಗಿ ವಾಂತಿ, ಹೊಟ್ಟೆನೋವು ಅಂತ ಬಂದಳು. ಏನೋ ಸರಿ ಇಲ್ಲ ಅನ್ನಿಸಿ ಪೂರ್ತಿ ಒಂದು ನಿಮಿಷ ಎಣಿಸಿದೆ. 36. ಓಡಿಬಂದೋರ ಹಾಗೆ ಅಲ್ಲ, ಆಳವಾಗಿ, ಒಂದೇ ಸಮ. ಹತ್ತಿರ ಹೋದ್ರೆ ಬಾಯಿಂದ ಹಣ್ಣು ಕೊಳೆತ ವಾಸನೆ. ಶುಗರ್ ಮೀಟರ್‌ನಲ್ಲಿ "ಹೈ" ಅಂತ ಬಂತು, ಮೂತ್ರದಲ್ಲಿ ಕೀಟೋನ್, ಅಂದ್ರೆ ಶುಗರ್ ವಿಪರೀತ ಏರಿ ರಕ್ತ ಹುಳಿಯಾಗ್ತಿರೋ ಗುರುತು. ಅವಳಿಗೆ ಶುಗರ್ ಇದೆ ಅಂತ ಮನೇಲಿ ಯಾರಿಗೂ ಗೊತ್ತಿರಲಿಲ್ಲ.

ಕ್ಯಾಶುವಾಲಿಟಿ_ಅಕ್ಕ
20 ಅಂತ ಬರೆದವರಲ್ಲಿ ನಾನೂ ಒಬ್ಬಳು ಕಣಮ್ಮ, ಜನ ಜಾಸ್ತಿ ಇದ್ದಾಗ. ನೀನು ಎಣಿಸಿದೆಯಲ್ಲ, ಅದೇ ದೊಡ್ಡದು. ಬಿಪಿ ಬೀಳೋಕೆ ಎಷ್ಟೋ ಮೊದಲೇ ಉಸಿರು ಕೆಟ್ಟಿರತ್ತೆ. ಮಕ್ಕಳಲ್ಲಂತೂ ಬಿಪಿ ಕೊನೇವರೆಗೂ ಮೋಸ ಮಾಡತ್ತೆ.

ಟೀಚರ್ ಹೇಳಿದ್ದಕ್ಕೆ ನನ್ನ ಹತ್ರ ಒಂದು ಉಪಾಯ ಇದೆ. ನಾನು ಸಣ್ಣ ನೋಟ್‌ಬುಕ್ ಇಟ್ಕೊಂಡಿದ್ದೀನಿ. ಹೆಸರು ಬರೆಯಲ್ಲ, ಐಪಿ ನಂಬರ್ (ಅಡ್ಮಿಟ್ ಆದವರ ನಂಬರ್) ಬರೆದು ಪಕ್ಕದಲ್ಲಿ ನಾನು ಅಂದುಕೊಂಡಿದ್ದು. ಮಾರನೇ ದಿನ ಡ್ಯೂಟಿಗೆ ಮುಂಚೆ ಹತ್ತು ನಿಮಿಷ ವಾರ್ಡ್‌ಗೆ ಹೋಗಿ ಡಯಾಗ್ನೋಸಿಸ್ ನೋಡ್ಕೊಂಡು ಬರ್ತೀನಿ. ತಪ್ಪಾಗಿದ್ರೆ ಕೆಂಪು ಪೆನ್ನಲ್ಲಿ ಗೆರೆ. ಹೋದ ವರ್ಷ ಕೂಡ ಬೇಕಾದಷ್ಟು ಕೆಂಪು ಗೆರೆ ಬಿದ್ದಿದೆ.

ಮೊದಲ_ವರ್ಷ
ನಾಳೆಯಿಂದ ನಾನೂ ಇಡ್ತೀನಿ ಅಕ್ಕ.

ಬಿಳಿಕೋಟು
ಇದನ್ನು ಒಬ್ಬೊಬ್ಬರ ನೋಟ್‌ಬುಕ್‌ಗೆ ಬಿಡಬಾರದು. ವಾರಕ್ಕೆ ಒಮ್ಮೆ ಅರ್ಧ ಗಂಟೆ, ಬಾಗಿಲಲ್ಲಿ ಹಸಿರು ಎಂದು ಹಾಕಿ ಆಮೇಲೆ ಐಸಿಯುಗೆ ಹೋದವರ ಚೀಟಿಗಳನ್ನು ತೆಗೆದು ಎಲ್ಲರೂ ಕೂತು ಓದಬೇಕು, ಯಾರನ್ನೂ ಬೈಯದೆ. ನಾನು ನಮ್ಮಲ್ಲಿ ಕೇಳಿ ನೋಡುತ್ತೇನೆ.

108_ಬ್ರದರ್
ನಮ್ಮನ್ನೂ ಕರೀರಿ ಡಾಕ್ಟ್ರೇ. ತಂದು ಬಿಟ್ಟೋರು ಏನಾದ್ರು ಅಂತ ನಮಗೂ ಯಾರೂ ಹೇಳಲ್ಲ.

ಮಾವಿನತೋಪು
ಎಲ್ಲ ಓದಿದೆ, ಎರಡೆರಡು ಸಲ. ನಿಜ ಹೇಳ್ಬೇಕಂದ್ರೆ ಪೋಸ್ಟ್ ಹಾಕುವಾಗ ಆ ಚಿಕ್ಕ ಸಿಸ್ಟರ್ ಮೇಲೆ ಒಳಗೊಳಗೇ ಕೋಪ ಇತ್ತು. ಅಪ್ಪಂಗೆ ಏನಾಗಿತ್ತು ಅಂತ ಅವರಿಗೆ ಗೊತ್ತೇ ಇಲ್ಲದಿರಬಹುದು ಅನ್ನೋದು ನನಗೆ ಹೊಳೆದಿರಲೇ ಇಲ್ಲ.

ಗುರುವಾರ ಶುಗರ್ ಚೆಕಪ್‌ಗೆ ಅಪ್ಪನ್ನ ಅದೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಆ ದಿನದ ಮೊದಲ ಇಸಿಜಿ ಫೈಲಲ್ಲಿದೆ, ಜೆರಾಕ್ಸ್ ಮಾಡಿಸಿ ಅವರಿಗೆ ಒಂದು ಕೊಡೋಣ ಅಂತಿದ್ದೀನಿ. ತಪ್ಪು ತಿಳ್ಕೋತಾರಾ?

ಮೊದಲ_ವರ್ಷ
ಕೊಡಿ ಅಣ್ಣ. ನನಗಾಗಿದ್ರೆ ಬೇಕು ಅನ್ನಿಸ್ತಿತ್ತು. ಬೇಜಾರಾಗತ್ತೆ, ಆದ್ರೂ ಬೇಕು. ಇಸಿಜಿಯಲ್ಲಿ ಗುಂಡಿಗೆಯ ಕೆಳಭಾಗ ತೋರಿಸೋ ಗೆರೆಗಳು, ಲೀಡ್ 2, 3, ಎವಿಎಫ್ ಹತ್ರ ಪೆನ್ಸಿಲ್ ಗುರುತು ಹಾಕಿಸ್ಕೊಂಡು ಹೋಗಿ.

ಕ್ಯಾಶುವಾಲಿಟಿ_ಅಕ್ಕ
ಸಂಜೆ 4ರ ಮೇಲೆ ಹೋಗಬೇಡಿ, ರಶ್ ಇರತ್ತೆ. ಮಧ್ಯಾಹ್ನ 2ರ ಸುಮಾರಿಗೆ ಹೋಗಿ. ಅಪ್ಪನ್ನ ಜೊತೆಗೇ ನಿಲ್ಲಿಸ್ಕೊಳ್ಳಿ. ನಿಮ್ಮನ್ನ ನೋಡಿದ ತಕ್ಷಣ ಜಗಳಕ್ಕೆ ಬಂದಿದ್ದಾರೆ ಅಂತ ಹೆದರ್ತಾಳೆ. ಮೊದಲು "ಅಪ್ಪ ಚೆನ್ನಾಗಿದ್ದಾರೆ ಸಿಸ್ಟರ್" ಅನ್ನಿ, ಆಮೇಲೆ ಕಾಗದ ತೆಗೀರಿ.